ಜೀವರಕ್ಷಣೆಯೇ ಧ್ಯೇಯವಾದ ವಾಹನ: ವೋಲ್ವೋ ಕಾರಿನ ಇತಿಹಾಸ ಮತ್ತು ಬಳಕೆದಾರರ ಅನುಭವ

ಮಾನವನ ದೇಹವು ಕಾಲ್ನಡಿಗೆಯ ವೇಗಕ್ಕೆ ತಕ್ಕಂತೆ ರಚಿತವಾದುದು. ಓಡುವಾಗ ಎಡವಿ ಬಿದ್ದರೆ ಮೊಣಕಾಲು ತರಚೀತು, ಹೆಚ್ಚೆಂದರೆ ಕೈ ಮುರಿದೀತು. ಆದರೆ ಮೋಟಾರು ವಾಹನವು ಬಳಕೆಗೆ ಬಂದ ಮೇಲೆ ಅದೇ ದೇಹವು ತನ್ನ ಸಹಜ ಶಕ್ತಿಯನ್ನು ಹತ್ತಾರು ಪಟ್ಟು ಮೀರಿದ ವೇಗಕ್ಕೆ ಒಡ್ಡಿಕೊಳ್ಳಬೇಕಾಯಿತು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಧಾವಿಸುತ್ತಿರುವ ಕಾರು ಗೋಡೆಗೆ ಅಪ್ಪಳಿಸಿದರೆ ಅದರೊಳಗೆ ಕುಳಿತವನು, ಸುಮಾರು 10 ಮೀಟರು ಎತ್ತರದಿಂದ, ಎಂದರೆ ಮೂರಂತಸ್ತಿನ ಕಟ್ಟಡದ ಮೇಲಿಂದ, ನೆಲಕ್ಕೆ ಬಿದ್ದವನ ಸ್ಥಿತಿಯಲ್ಲಿರುತ್ತಾನೆ. ಕಾರು ನಿಂತರೂ ಅವನ ದೇಹ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮಿ ಚಾಲನಚಕ್ರಕ್ಕೋ ಗಾಜಿಗೋ ಬಡಿಯುತ್ತದೆ. ಈ ಸತ್ಯವನ್ನು ಅರಿತು, ವಾಹನದ ಅಂದಚೆಂದ ಮತ್ತು ವೇಗಗಳಿಗಿಂತ ಅದರೊಳಗಿನ ಮನುಷ್ಯನ ಪ್ರಾಣಕ್ಕೆ ಹೆಚ್ಚಿನ ಬೆಲೆಯಿತ್ತ ಸಂಸ್ಥೆಗಳಲ್ಲಿ ಸ್ವೀಡನ್ ದೇಶದ ವೋಲ್ವೋ ಸಂಸ್ಥೆಯ ಹೆಸರು ಅಗ್ರಗಣ್ಯವಾದುದು. ಅದರ ಇತಿಹಾಸವನ್ನೂ ಅದರ ಕಾರುಗಳನ್ನು ಬಳಸಿದವರ ಅನುಭವವನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಬಾಲ್‌ಬೇರಿಂಗುಗಳನ್ನು ತಯಾರಿಸುತ್ತಿದ್ದ ಎಸ್.ಕೆ.ಎಫ್. ಎಂಬ ಹೆಸರಾಂತ ಕಾರ್ಖಾನೆಯಿದೆ. ‘ವೋಲ್ವೋ’ ಎಂಬ ಹೆಸರನ್ನು 1915ರಲ್ಲಿ ನೋಂದಾಯಿಸಿದುದು ಈ ಸಂಸ್ಥೆಯೇ. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ‘ನಾನು ಉರುಳುತ್ತೇನೆ’ ಎಂದು ಅರ್ಥ. ಉರುಳುವ ಗುಂಡುಗಳಿಗೆಂದು ಇಟ್ಟ ಹೆಸರು ಮುಂದೆ ಉರುಳುವ ಗಾಡಿಗೆ ಸಂದಿತು.

ಎಸ್.ಕೆ.ಎಫ್.ನಲ್ಲಿ ಮಾರಾಟ ವಿಭಾಗದ ಹೊಣೆ ಹೊತ್ತಿದ್ದ ಅಸ್ಸಾರ್ ಗೇಬ್ರಿಯೆಲ್‌ಸನ್ ಅರ್ಥಶಾಸ್ತ್ರಜ್ಞರು. ಅದೇ ಸಂಸ್ಥೆಯಲ್ಲಿ ಹಿಂದೆ ಕೆಲಸ ಮಾಡಿದ್ದ ಗುಸ್ತಾಫ್ ಲಾರ್ಸನ್ ಇಂಜಿನಿಯರರು. 1924ರಲ್ಲಿ ಇವರಿಬ್ಬರೂ ಸ್ಟಾಕ್‌ಹೋಮಿನಲ್ಲಿ ಸಂಧಿಸಿ ಸ್ವದೇಶದಲ್ಲಿಯೇ ಮೋಟಾರು ಕಾರನ್ನು ತಯಾರಿಸುವ ಸಂಕಲ್ಪ ಮಾಡಿದರು. ಹೊರದೇಶಗಳಿಂದ ಬರುತ್ತಿದ್ದ ಕಾರುಗಳು ಸ್ವೀಡನ್ನಿನ ಒರಟು ರಸ್ತೆಗಳಿಗೂ ಕಡುಚಳಿಗೂ ತಕ್ಕವಾಗಿರಲಿಲ್ಲ. ಆ ದೇಶದಲ್ಲಿ ಒಳ್ಳೆಯ ಉಕ್ಕಿಗೆ ಕೊರತೆಯಿರಲಿಲ್ಲ. ಮೊದಲಿಗೆ ಹತ್ತು ಪರೀಕ್ಷಾರ್ಥ ಕಾರುಗಳು ಸಿದ್ಧವಾದುವು. ಅವುಗಳನ್ನು ಕಂಡ ಬಳಿಕ ಎಸ್.ಕೆ.ಎಫ್. ಸಂಸ್ಥೆಯು ಬಂಡವಾಳ ಹೂಡಲು ಮುಂದೆ ಬಂದಿತು.

1927ರ ಏಪ್ರಿಲ್ 14ರಂದು ಗೋಥೆನ್‌ಬರ್ಗ್‌ನ ಹಿಸಿಂಗೆನ್ ದ್ವೀಪದ ಕಾರ್ಖಾನೆಯಿಂದ ಮೊದಲ ವೋಲ್ವೋ ಕಾರು ಹೊರಬಿದ್ದಿತು. ಹಿಂದಿನ ಅಚ್ಚನ್ನು ತಿರುಗುಮುರುಗಾಗಿ ಜೋಡಿಸಿದ್ದರಿಂದ ಆ ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ಚಲಿಸಿತೆಂಬ ಕಥೆ ಸಂಸ್ಥೆಯಲ್ಲಿ ಇಂದಿಗೂ ಪ್ರಚಲಿತವಾಗಿದೆ. ಮೇಲ್ಛಾವಣಿ ತೆರೆದಿದ್ದ ಆ ಕಾರು ಚಳಿಯ ನಾಡಿನಲ್ಲಿ ಹೆಚ್ಚು ಜನರನ್ನು ಆಕರ್ಷಿಸಲಿಲ್ಲ. ಮೊದಲ ವರ್ಷ ಮಾರಾಟವಾದ ಕಾರುಗಳ ಸಂಖ್ಯೆ 297 ಮಾತ್ರ. ಆದರೂ ಸ್ಥಾಪಕರು ಎದೆಗುಂದಲಿಲ್ಲ. ಕಾರನ್ನು ನಡೆಸುವವರು ಮನುಷ್ಯರಾದುದರಿಂದ ಅದರ ಪ್ರತಿಯೊಂದು ಭಾಗವನ್ನು ರೂಪಿಸುವಾಗಲೂ ಸುರಕ್ಷತೆಯೇ ಮೂಲಸೂತ್ರವಾಗಿರಬೇಕೆಂದು ಅವರು ಆರಂಭದ ದಶಕದಲ್ಲಿಯೇ ಸಾರಿದ್ದರು.

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, 1944ರಲ್ಲಿ, ಪಿ.ವಿ. 444 ಎಂಬ ಚಿಕ್ಕ ಕಾರನ್ನು ಸ್ಟಾಕ್‌ಹೋಮಿನಲ್ಲಿ ಪ್ರದರ್ಶಿಸಲಾಯಿತು. ಪ್ರಯಾಣಿಕರು ಕುಳಿತುಕೊಳ್ಳುವ ಭಾಗವನ್ನು ಗಟ್ಟಿಯಾದ ಪಂಜರದಂತೆ ಕಟ್ಟಿದ್ದುದು, ಮುಂದಿನ ಗಾಜು ಒಡೆದರೂ ಚೂರುಗಳು ಸಿಡಿಯದಂತೆ ಪದರಗಳನ್ನು ಅಂಟಿಸಿ ತಯಾರಿಸಿದ್ದುದು ಅದರ ವೈಶಿಷ್ಟ್ಯ. ಜನಸಾಮಾನ್ಯರ ಕೈಗೆಟುಕುವ ಕಾರಿನಲ್ಲಿಯೂ ಇಂಥ ರಕ್ಷಣೆಯನ್ನು ಒದಗಿಸಬಹುದೆಂಬುದು ಅದರಿಂದ ಸಿದ್ಧವಾಯಿತು.

ಮೂರು ಬಿಂದುಗಳ ಸೀಟ್ ಬೆಲ್ಟು

ವೋಲ್ವೋ ಸಂಸ್ಥೆಯು ಲೋಕಕ್ಕೆ ಇತ್ತ ಕೊಡುಗೆಗಳಲ್ಲಿ ಅತ್ಯಂತ ಶ್ರೇಷ್ಠವಾದುದು ಮೂರು ಬಿಂದುಗಳ ಸೀಟ್ ಬೆಲ್ಟು. ಅದಕ್ಕೆ ಮೊದಲು ಬಳಕೆಯಲ್ಲಿದ್ದುದು ಬಹುಮಟ್ಟಿಗೆ ಹೊಟ್ಟೆಯ ಮೇಲೆ ಹಾದುಹೋಗುವ ಒಂದೇ ಪಟ್ಟಿ. ಅದರ ಕೊಂಡಿ ಹೊಟ್ಟೆಯ ನಡುವೆಯೇ ಇರುತ್ತಿತ್ತು. ಅಪಘಾತದ ವೇಳೆ ದೇಹದ ಮೇಲ್ಭಾಗವು ಮುಂದಕ್ಕೆ ಬಾಗಿ ತಲೆಗೆ ಪೆಟ್ಟಾಗುತ್ತಿತ್ತು. ಪಟ್ಟಿಯೇ ಒಳಗಿನ ಮೃದುವಾದ ಅಂಗಗಳನ್ನು ಘಾಸಿಗೊಳಿಸುವುದೂ ಉಂಟಾಗಿತ್ತು. 1956ರಲ್ಲಿ ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡ ಗುನ್ನಾರ್ ಎಂಗೆಲಾವ್ ಅವರು ಈ ದೋಷವನ್ನು ನಿವಾರಿಸಬಲ್ಲ ತಜ್ಞನನ್ನು ಅರಸಿ 1958ರಲ್ಲಿ ನಿಲ್ಸ್ ಬೋಲಿನ್ ಎಂಬುವರನ್ನು ನೇಮಿಸಿಕೊಂಡರು.

ಬೋಲಿನ್ ಅದುವರೆಗೆ ಸಾಬ್ ಸಂಸ್ಥೆಯಲ್ಲಿ, ವಿಮಾನವು ಆಪತ್ತಿಗೆ ಸಿಲುಕಿದಾಗ ಚಾಲಕನನ್ನು ಹೊರಕ್ಕೆ ಎಸೆದು ಉಳಿಸುವ ಆಸನಗಳ ರಚನೆಯಲ್ಲಿ ನಿರತರಾಗಿದ್ದರು. ವಿಮಾನ ಚಾಲಕರು ಜೀವ ಉಳಿಯುವುದಾದರೆ ಎಷ್ಟು ಪಟ್ಟಿಗಳನ್ನಾದರೂ ಬಿಗಿದುಕೊಳ್ಳಲು ಒಪ್ಪುತ್ತಿದ್ದರು. ಕಾರಿನಲ್ಲಿ ಪೇಟೆಗೆ ಹೋಗಿಬರುವ ಸಾಮಾನ್ಯ ಜನರಾದರೋ ಒಂದು ನಿಮಿಷದ ಅನಾನುಕೂಲವನ್ನೂ ಸಹಿಸಲಾರರು. ಆದುದರಿಂದ ಪಟ್ಟಿಯು ದೃಢವಾಗಿರಬೇಕು, ಜೊತೆಗೆ ಒಂದೇ ಕೈಯಿಂದ ಕ್ಷಣಾರ್ಧದಲ್ಲಿ ಹಾಕಿಕೊಳ್ಳುವಷ್ಟು ಸುಲಭವಾಗಿರಬೇಕು ಎಂಬುದನ್ನು ಅವರು ಮನಗಂಡರು.

ಮೂರು ಬಿಂದುಗಳ ಪಟ್ಟಿಗಾಗಿ ಅದಕ್ಕೆ ಮೊದಲೂ ಕೆಲವು ಯತ್ನಗಳು ನಡೆದಿದ್ದುವು. ಬೋಲಿನ್ನರ ರಚನೆಯಲ್ಲಿ ಒಂದು ಪಟ್ಟಿ ಭುಜದಿಂದ ಎದೆಯ ಮೇಲೆ ಓರೆಯಾಗಿ ಇಳಿಯುತ್ತದೆ. ಇನ್ನೊಂದು ಸೊಂಟದ ಎಲುಬಿನ ಮೇಲೆ ಅಡ್ಡಲಾಗಿ ಹಾಯುತ್ತದೆ. ಎರಡೂ ಆಸನದ ಪಕ್ಕದಲ್ಲಿ ಕೆಳಗಿರುವ ಒಂದೇ ಸ್ಥಳದಲ್ಲಿ ಕೂಡಿಕೊಳ್ಳುತ್ತವೆ. ಇದರಿಂದ ಪೆಟ್ಟಿನ ಭಾರವು ಹೊಟ್ಟೆಯ ಮೇಲೆ ಬೀಳದೆ ಪಕ್ಕೆಲುಬು ಮತ್ತು ಸೊಂಟದ ಎಲುಬುಗಳಂಥ ಗಟ್ಟಿಯಾದ ಭಾಗಗಳಿಗೆ ಹಂಚಿಹೋಗುತ್ತದೆ. ಪಟ್ಟಿಯೂ ಜಾರದೆ ಸ್ಥಿರವಾಗಿ ನಿಲ್ಲುತ್ತದೆ. 1959ರ ಆಗಸ್ಟ್ 13ರಂದು ಈ ಬೆಲ್ಟನ್ನು ಅಳವಡಿಸಿದ ಮೊದಲ ಕಾರು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಪಟ್ಟಣದ ಮಾರಾಟಗಾರರ ಕೈಸೇರಿತು.

ಈ ಶೋಧಕ್ಕೆ ಸಂಸ್ಥೆಯು ಪೇಟೆಂಟ್ ಪಡೆದಿತ್ತು. ಬೇರೆ ಕಾರ್ಖಾನೆಗಳಿಂದ ಹಣ ಪಡೆದು ಅಪಾರ ಲಾಭ ಗಳಿಸಬಹುದಾಗಿತ್ತು. ಹಾಗೆ ಮಾಡದೆ ಅದರ ಬಳಕೆಯನ್ನು ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಯಾವ ಕಾರನ್ನು ಹತ್ತಿದರೂ ಕಾಣಸಿಗುವುದು ಬೋಲಿನ್ನರ ರಚನೆಯಿಂದ ಬೆಳೆದು ಬಂದ ಪಟ್ಟಿಯೇ ಎಂದರೆ ಅತಿಶಯೋಕ್ತಿಯಾಗಲಾರದು. ಆದರೂ ಜನರು ಅದನ್ನು ಕೂಡಲೇ ನಂಬಲಿಲ್ಲ. ಸಂಸ್ಥೆಯು ಸ್ವೀಡನ್ನಿನಲ್ಲಿ ನಡೆದ 28,000 ಅಪಘಾತಗಳನ್ನು ಪರಿಶೀಲಿಸಿ 1967ರಲ್ಲಿ ವರದಿಯನ್ನು ಮಂಡಿಸಿತು. ಬೆಲ್ಟು ಧರಿಸದವರು ಗಂಟೆಗೆ 20 ಕಿಲೋಮೀಟರಿನಷ್ಟು ಅಲ್ಪ ವೇಗದಲ್ಲಿಯೂ ಮಡಿದಿದ್ದರೆ, ಧರಿಸಿದವರಲ್ಲಿ ಸುಮಾರು 95 ಕಿಲೋಮೀಟರು ವೇಗದವರೆಗೆ ಒಬ್ಬರೂ ಮಡಿದಿರಲಿಲ್ಲ ಎಂಬುದು ಅದರಿಂದ ತಿಳಿದುಬಂದಿತು. 1970ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು ಬೆಲ್ಟನ್ನು ಧರಿಸುವುದು ಕಡ್ಡಾಯವೆಂದು ವಿಧಿಸಿತು. 1975ರಲ್ಲಿ ಸ್ವೀಡನ್ ಮುಂದಿನ ಆಸನದವರಿಗೆ ಅದನ್ನು ಕಡ್ಡಾಯಗೊಳಿಸಿತು. ಬೋಲಿನ್ 2002ರಲ್ಲಿ ನಿಧನರಾದರು.

ಅಪಘಾತವೇ ಪಾಠಶಾಲೆ

1970ರಿಂದ ಸಂಸ್ಥೆಯು ಅಪಘಾತಗಳ ಅಧ್ಯಯನಕ್ಕೆಂದೇ ತಜ್ಞರ ತಂಡವೊಂದನ್ನು ನೆಲೆಗೊಳಿಸಿತು. ವೋಲ್ವೋ ಕಾರು ಅಪಘಾತಕ್ಕೀಡಾದ ಸ್ಥಳಕ್ಕೆ ಧಾವಿಸಿ, ಯಾವ ಭಾಗ ಹೇಗೆ ಬಾಗಿತು, ಯಾರಿಗೆ ಎಲ್ಲಿ ಗಾಯವಾಯಿತು ಎಂಬುದನ್ನು ದಾಖಲಿಸಿ ಅದರಿಂದ ಮುಂದಿನ ಕಾರನ್ನು ತಿದ್ದುವುದು ಈ ತಂಡದ ಕಾರ್ಯ.

ಎಳೆಯ ಮಕ್ಕಳ ರಕ್ಷಣೆಯ ವಿಷಯದಲ್ಲಿ ನಡೆದ ಕಾರ್ಯವೂ ಉಲ್ಲೇಖಾರ್ಹವಾದುದು. ಮಗುವಿನ ತಲೆ ಅದರ ದೇಹಕ್ಕೆ ಹೋಲಿಸಿದರೆ ಬಲು ಭಾರ, ಕುತ್ತಿಗೆಯಾದರೋ ಬಲಹೀನ. ಅಮೆರಿಕದ ಗಗನಯಾತ್ರಿಗಳು ಬಾಹ್ಯಾಕಾಶ ನೌಕೆಯಲ್ಲಿ ಬೆನ್ನಿನ ಮೇಲೆ ಭಾರ ಹೊತ್ತು ಮಲಗಿರುವುದನ್ನು ಗಮನಿಸಿದ ಚಾಲ್ಮರ್ಸ್ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಬರ್ಟಿಲ್ ಆಲ್ಡ್‌ಮನ್, ಮಗುವನ್ನು ಹಿಂಬದಿಗೆ ಮುಖಮಾಡಿ ಕೂರಿಸಿದರೆ ಪೆಟ್ಟು ಬೆನ್ನಿನ ತುಂಬ ಹರಡಿಹೋಗುವುದೆಂದು ಯೋಚಿಸಿದರು. ಅಂಥ ಆಸನದ ಮಾದರಿಯನ್ನು 1964ರಲ್ಲಿ ವೋಲ್ವೋ ಕಾರಿನಲ್ಲಿ ಪರೀಕ್ಷಿಸಲಾಯಿತು. 1972ರಲ್ಲಿ ಸಂಸ್ಥೆಯು ಅದನ್ನು ಮಾರಾಟಕ್ಕೆ ತಂದಿತು.

1991ರಲ್ಲಿ ಪಕ್ಕದಿಂದ ಬರುವ ಪೆಟ್ಟನ್ನು ಕಾರಿನ ಇಡೀ ಮೈಗೆ ಹಂಚುವ ಏರ್ಪಾಡೂ, 1998ರಲ್ಲಿ ಹಿಂದಿನಿಂದ ಗುದ್ದಿದಾಗ ಕುತ್ತಿಗೆ ಉಳುಕದಂತೆ ದೇಹದೊಡನೆ ಹಿಂದಕ್ಕೆ ಸರಿಯುವ ಆಸನವೂ ಬಂದುವು. 2008ರಲ್ಲಿ, ನಗರದ ನಿಧಾನಗತಿಯ ಸಂಚಾರದಲ್ಲಿ ಮುಂದಿನ ವಾಹನಕ್ಕೆ ಬಡಿಯುವ ಸಂಭವ ಕಂಡರೆ ತಾನಾಗಿಯೇ ಬ್ರೇಕು ಹಾಕುವ ವ್ಯವಸ್ಥೆ ಬಂದಿತು. ನಾಲ್ಕು ದಶಕಗಳಿಗೂ ಮಿಕ್ಕು ಕಾಲ ಸಂಗ್ರಹಿಸಿದ ಅಪಘಾತಗಳ ಅಧ್ಯಯನವನ್ನು 2019ರಲ್ಲಿ ಸಂಸ್ಥೆಯು ಇತರ ತಯಾರಕರಿಗೂ ತೆರೆದಿಟ್ಟಿತು.

ಬಳಕೆದಾರರ ಅನುಭವ

ಸ್ವೀಡನ್ನಿನಲ್ಲಿ ನೆಮ್ಮದಿಯ ಸಂಸಾರವನ್ನು ವರ್ಣಿಸಲು ‘ಮನೆ, ವೋಲ್ವೋ, ನಾಯಿ’ ಎಂಬ ಮೂರು ಮಾತುಗಳ ನುಡಿಗಟ್ಟೇ ಹುಟ್ಟಿಕೊಂಡಿದೆ. 1974ರಿಂದ 1993ರವರೆಗೆ ತಯಾರಾದ 240ರ ಮಾಲಿಕೆಯ ಕಾರುಗಳು 28 ಲಕ್ಷಕ್ಕೂ ಮಿಕ್ಕು ಮಾರಾಟವಾದುವು. ಪೆಟ್ಟಿಗೆಯಂಥ ಆಕಾರವೆಂದು ನಗೆಯಾಡಿದವರೂ ಅದರ ಗಟ್ಟಿತನ, ವಿಶಾಲವಾದ ಹಿಂಭಾಗ, ಎಷ್ಟು ದೂರ ಪ್ರಯಾಣ ಮಾಡಿದರೂ ಬೆನ್ನು ನೋಯದ ಆಸನಗಳನ್ನು ಮೆಚ್ಚಿಕೊಂಡರು. ದೂರುಗಳೂ ಇಲ್ಲದಿಲ್ಲ. 1980ರ ದಶಕದ ಹಲವು ಕಾರುಗಳಲ್ಲಿ ಇಂಜಿನ್ನಿನ ವಿದ್ಯುತ್ ತಂತಿಗಳ ಹೊದಿಕೆ ಕೆಲವೇ ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರುತ್ತಿತ್ತು. ಭಾರವಾದ ಕಾರಾದುದರಿಂದ ಪೆಟ್ರೋಲು ಹೆಚ್ಚು ಬೇಕೆಂಬುದೂ ಬಿಡಿಭಾಗಗಳು ದುಬಾರಿಯೆಂಬುದೂ ಒಡೆಯರ ಸಾಮಾನ್ಯ ಗೊಣಗಾಟ.

ಒಡೆಯರ ಪೈಕಿ ಜಗತ್ಪ್ರಸಿದ್ಧರಾದವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಇರ್ವ್ ಗಾರ್ಡನ್. ವೃತ್ತಿಯಿಂದ ಅವರು ವಿಜ್ಞಾನದ ಉಪಾಧ್ಯಾಯರು. 1966ರಲ್ಲಿ ಕೊಂಡ ಕೆಂಪು ಬಣ್ಣದ ಪಿ-1800 ಕಾರಿನಲ್ಲಿ ಅವರು ಶಾಲೆಗೆ ಹೋಗಿಬರಲು ದಿನಕ್ಕೆ ಸುಮಾರು 200 ಕಿಲೋಮೀಟರು ಪ್ರಯಾಣ ಮಾಡುತ್ತಿದ್ದರು. 1987ರಲ್ಲಿ ಆ ಕಾರು 10 ಲಕ್ಷ ಮೈಲಿ ಮುಟ್ಟಿತು. 2013ರಲ್ಲಿ ಅಲಾಸ್ಕಾದಲ್ಲಿ 30 ಲಕ್ಷ ಮೈಲಿಯನ್ನು, ಎಂದರೆ ಸುಮಾರು 48 ಲಕ್ಷ ಕಿಲೋಮೀಟರನ್ನು ದಾಟಿತು. ಒಬ್ಬನೇ ಒಡೆಯನು ಒಂದೇ ಕಾರಿನಲ್ಲಿ ಇಷ್ಟು ದೂರ ಕ್ರಮಿಸಿದ ದಾಖಲೆ ಅವರದು. ಇದರ ಹಿಂದೆ ಯಾವ ಗುಟ್ಟೂ ಇರಲಿಲ್ಲ. ಕಾರಿನೊಡನೆ ಬಂದ ಕೈಪಿಡಿಯಲ್ಲಿ ಹೇಳಿದ ಅವಧಿಗೆ ತಪ್ಪದೆ ಎಣ್ಣೆ ಬದಲಾಯಿಸುವುದು, ಸಣ್ಣ ದೋಷವನ್ನೂ ಕಡೆಗಣಿಸದೆ ಒಡನೆಯೇ ಸರಿಪಡಿಸುವುದು, ಇಷ್ಟೇ ಅವರ ನಿಯಮ. ಅವರು 2018ರಲ್ಲಿ ತೀರಿಕೊಂಡರು.

ಕೀರ್ತಿಗೆ ಬಂದ ಪರೀಕ್ಷೆ

ಸುರಕ್ಷತೆಯ ಹೆಸರು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಠಿಣ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಜಾಹೀರಾತೊಂದರಲ್ಲಿ ದೈತ್ಯಗಾತ್ರದ ಟ್ರಕ್ಕೊಂದು ಸಾಲು ಕಾರುಗಳ ಮೇಲೆ ಹಾದುಹೋದಾಗ ವೋಲ್ವೋ ಒಂದೇ ಜಜ್ಜಿಹೋಗದೆ ನಿಂತಿತೆಂದು ತೋರಿಸಲಾಗಿತ್ತು. ವೋಲ್ವೋ ಕಾರಿನ ಮಾಡಿಗೆ ಒಳಗಿನಿಂದ ಆಸರೆ ಕೊಟ್ಟು, ಉಳಿದ ಕಾರುಗಳ ಕಂಬಗಳನ್ನು ಕೊಯ್ದಿದ್ದರೆಂಬುದು ಬಯಲಾಯಿತು. ಟೆಕ್ಸಾಸ್ ರಾಜ್ಯವು ಕ್ರಮ ಕೈಗೊಂಡಿತು. ಸಂಸ್ಥೆಯು ಜಾಹೀರಾತನ್ನು ಹಿಂತೆಗೆದುಕೊಂಡು ತಪ್ಪನ್ನು ಪ್ರಕಟವಾಗಿ ಒಪ್ಪಿಕೊಳ್ಳಬೇಕಾಯಿತು. 2020ರಲ್ಲಿ ಮುಂದಿನ ಆಸನಗಳ ಬೆಲ್ಟಿಗೆ ಸಂಬಂಧಿಸಿದ ಉಕ್ಕಿನ ತಂತಿಯು ಕಾಲಾಂತರದಲ್ಲಿ ಸವೆದು ದುರ್ಬಲವಾಗಬಹುದೆಂದು ತಿಳಿದಾಗ ಸುಮಾರು 22 ಲಕ್ಷ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಲಾಯಿತು. ಬೆಲ್ಟಿನಿಂದಲೇ ಖ್ಯಾತಿ ಪಡೆದ ಸಂಸ್ಥೆಗೆ ಇದು ಸಣ್ಣ ಮುಜುಗರವಾಗಿರಲಿಲ್ಲ. ಆದರೆ ದೋಷವನ್ನು ಮುಚ್ಚಿಡದೆ ಹೇಳಿ ಸರಿಪಡಿಸುವುದೇ ಸುರಕ್ಷತೆಯ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ.

ಕರ್ನಾಟಕದೊಡನೆ ಸಂಬಂಧ

1999ರಲ್ಲಿ ಕಾರು ವಿಭಾಗವು ಅಮೆರಿಕದ ಫೋರ್ಡ್ ಸಂಸ್ಥೆಗೂ, 2010ರಲ್ಲಿ ಚೀನಾದ ಗೀಲಿ ಸಂಸ್ಥೆಗೂ ಮಾರಾಟವಾಯಿತು. ಟ್ರಕ್ಕು ಮತ್ತು ಬಸ್ಸುಗಳ ತಯಾರಿಕೆ ಮೂಲ ಸಂಸ್ಥೆಯಲ್ಲಿಯೇ ಉಳಿಯಿತು. ಆದುದರಿಂದ ಇಂದು ಒಂದೇ ಹೆಸರಿನ ಎರಡು ಬೇರೆ ಬೇರೆ ಸಂಸ್ಥೆಗಳಿವೆ. ಎರಡಕ್ಕೂ ಬೆಂಗಳೂರಿನ ಸಮೀಪದ ಹೊಸಕೋಟೆಯೊಡನೆ ನಂಟಿದೆ. 1998ರಲ್ಲಿ ಅಲ್ಲಿ ಟ್ರಕ್ಕುಗಳ ತಯಾರಿಕೆ ಆರಂಭವಾಯಿತು. 2017ರಲ್ಲಿ ಕಾರುಗಳ ಜೋಡಣೆಯೂ ಮೊದಲಾಯಿತು. 2001ರಲ್ಲಿ ದೇಶಕ್ಕೆ ಬಂದ ಬಸ್ಸುಗಳು ರಾಜ್ಯ ಸಾರಿಗೆ ಸಂಸ್ಥೆಯ ‘ಐರಾವತ’ಗಳಾಗಿ ಎಷ್ಟು ಜನಪ್ರಿಯವಾದುವೆಂದರೆ, ಕನ್ನಡಿಗರ ಬಾಯಲ್ಲಿ ವೋಲ್ವೋ ಎಂದರೆ ಸುಖಪ್ರಯಾಣದ ಬಸ್ಸೆಂದೇ ರೂಢಿಯಾಯಿತು.

ಆದರೆ ಹೆಸರೊಂದೇ ಕಾಯಲಾರದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೋ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ರಸ್ತೆಯಂಚಿನ ಮೋರಿಗೆ ಅಪ್ಪಳಿಸಿ ಬೆಂಕಿ ಹತ್ತಿ 45 ಮಂದಿ ಅಸುನೀಗಿದರು. ಮರುತಿಂಗಳೇ ಹಾವೇರಿ ಜಿಲ್ಲೆಯಲ್ಲಿ ಇಂಥದೇ ದುರಂತದಲ್ಲಿ 7 ಮಂದಿ ಮಡಿದರು. ವಾಹನ ಎಷ್ಟೇ ಉತ್ತಮವಾಗಿರಲಿ, ರಸ್ತೆಯ ರಚನೆ, ಚಾಲಕನ ಎಚ್ಚರ, ತುರ್ತು ಬಾಗಿಲುಗಳ ಅರಿವು ಇವೆಲ್ಲ ಕೂಡಿದರೆ ಮಾತ್ರ ಪ್ರಾಣ ಉಳಿಯುತ್ತದೆ.

ಉಪಸಂಹಾರ

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಅಪಘಾತಗಳಿಂದ ಮೃತರಾದರು. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟು ಧರಿಸಿರಲಿಲ್ಲ; ಆ ಪೈಕಿ ಸುಮಾರು ಅರ್ಧದಷ್ಟು ಜನ ಚಾಲಕರಲ್ಲದೆ ಜೊತೆಯಲ್ಲಿ ಕುಳಿತವರು. ಹಿಂದಿನ ಆಸನದವರಿಗೆ ಬೆಲ್ಟು ಬೇಡವೆಂಬ ಭ್ರಮೆ ಇನ್ನೂ ಅಳಿದಿಲ್ಲ. ನಿಯಮವಾದರೋ ಅವರಿಗೂ ಅನ್ವಯಿಸುತ್ತದೆ. ಬೋಲಿನ್ನರ ಶೋಧದ ಫಲವನ್ನು ಪಡೆಯಲು ವೋಲ್ವೋ ಕಾರನ್ನೇ ಕೊಳ್ಳಬೇಕಾಗಿಲ್ಲ. ಅವರು ರೂಪಿಸಿದ ಪಟ್ಟಿ ಇಂದು ಅತ್ಯಂತ ಅಗ್ಗದ ಕಾರಿನಲ್ಲಿಯೂ ಇದೆ. ಅದನ್ನು ಎಳೆದು ಕೊಂಡಿಗೆ ಸಿಕ್ಕಿಸಲು ಬೇಕಾಗುವುದು ಎರಡು ಕ್ಷಣ ಮಾತ್ರ. ಶಾಲೆಯ ಮಕ್ಕಳಿಗೆ ಈ ಅಭ್ಯಾಸವನ್ನು ಎಳವೆಯಲ್ಲಿಯೇ ಕಲಿಸಿದರೆ ಅವರು ಮನೆಯ ಹಿರಿಯರಿಗೂ ಅದನ್ನು ನೆನಪಿಸುವರು. ಉಪಾಧ್ಯಾಯರೂ ಪೋಷಕರೂ ಈ ಹೊಣೆಯನ್ನು ವಹಿಸಿಕೊಂಡರೆ ಎಷ್ಟೋ ಮನೆಗಳ ದೀಪಗಳು ಆರದೆ ಉಳಿದಾವು.