ಕೇಳುಗನ ಸರದಿ

ಬಾನುಲಿಯ ಮುಂದೆ ಕುಳಿತವನನ್ನು ನಾವು 'ಕೇಳುಗ' ಎನ್ನುತ್ತೇವೆ. ಕೇಳುವುದೆಂದರೆ ಆಲಿಸುವುದೂ ಹೌದು, ಪ್ರಶ್ನಿಸುವುದೂ ಹೌದು. ಈ ಎರಡನೆಯ ಅರ್ಥಕ್ಕೆ ಇಂಗ್ಲೆಂಡಿನಲ್ಲಿ ಒಮ್ಮೆ ಬೆಲೆ ಬಂದ ಸಂಗತಿಯನ್ನು ಹೇಳಬಯಸುತ್ತೇನೆ.

1967ರ ನವೆಂಬರಿನಲ್ಲಿ ಲೆಸ್ಟರ್ ನಗರದಿಂದ ಆರಂಭವಾದ ಬಿ.ಬಿ.ಸಿ.ಯ ಸ್ಥಳೀಯ ಬಾನುಲಿ ಕ್ರಮೇಣ ಇಂಗ್ಲೆಂಡಿನಾದ್ಯಂತ ಹರಡಿತು. 2011ರ ಅಕ್ಟೋಬರಿನಲ್ಲಿ, ವೆಚ್ಚ ತಗ್ಗಿಸಲೆಂದು, ನೆರೆಯ ನಿಲಯಗಳು ಮಧ್ಯಾಹ್ನದ ಕಾರ್ಯಕ್ರಮಗಳನ್ನು ಹಂಚಿಕೊಳ್ಳಬೇಕೆಂಬ ಯೋಜನೆ ಹೊರಟಿತು. ಸಂಸ್ಥೆಯ ಮೇಲ್ವಿಚಾರಣೆಗಿದ್ದ ಟ್ರಸ್ಟು ಅದನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಬೇಡಿತು. ವಿರೋಧ ಬಲವಾಗಿತ್ತು. 2012ರ ಜನವರಿಯಲ್ಲಿ ಟ್ರಸ್ಟು ಸ್ಥಳೀಯ ಬಾನುಲಿಯ ಕಡಿತವನ್ನು ಮರುಪರಿಶೀಲಿಸುವಂತೆ ಸೂಚಿಸಿತು.

ಆ ಗೆಲವು ಶಾಶ್ವತವಾಗಲಿಲ್ಲ. 2017ರಲ್ಲಿ ಟ್ರಸ್ಟೇ ಇಲ್ಲವಾಯಿತು. 2023ರಲ್ಲಿ ಮಧ್ಯಾಹ್ನ ಎರಡರ ಅನಂತರ ಹಂಚಿಕೊಳ್ಳುವ ಪದ್ಧತಿ ಬಂದೇಬಿಟ್ಟಿತು. ಹಾಗಾದರೆ ಅಭಿಪ್ರಾಯ ಕೇಳಿದ್ದು ವ್ಯರ್ಥವೆ? ನನಗೆ ಹಾಗೆನ್ನಿಸದು. ಹತ್ತು ವರ್ಷಕ್ಕೂ ಮಿಕ್ಕಿ ಎಷ್ಟೋ ಊರುಗಳು ತಮ್ಮ ಮಧ್ಯಾಹ್ನದ ಮಾತನ್ನು ತಮ್ಮದೇ ದನಿಯಲ್ಲಿ ಕೇಳಿದವು.

ಊರ ಹೊಳೆ ಏರಿತೆ, ರಸ್ತೆ ಮುಚ್ಚಿತೆ ಎಂದು ತಿಳಿಸುವವನು ಆ ಹೊಳೆಯನ್ನು ಕಂಡವನಾಗಿರಬೇಕು. ಹಾಗೆಂದು ಹೇಳುವ ಹಕ್ಕು ಕೇಳುಗನದು. ಅವನು ಎರಡೂ ಅರ್ಥದಲ್ಲಿ ಕೇಳುತ್ತಲೇ ಇರಬೇಕು.