ಆಚೆ ಊರಿನ ಮಳೆ

ಬೆಳಗಿನ ಮುನ್ಸೂಚನೆ ಎಂದಿನ ಧಾಟಿಯಲ್ಲೇ ಇದೆ: ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಚಹಾದಂಗಡಿಯಲ್ಲಿ ಹುಡುಗನೊಬ್ಬ ಅದನ್ನು ಮೊಬೈಲಿನಲ್ಲಿ ಓದಿ ಹೇಳಿದರೆ, ಕಟ್ಟೆಯ ಮೇಲೆ ಕೂತ ಹಿರಿಯರ ಪ್ರಶ್ನೆಯೂ ಎಂದಿನದೇ.

"ಆ ಒಂದೆರಡು ಕಡೆದಾಗ ನಮ್ಮೂರ ಐತೇನ ನೋಡೋ ತಮ್ಮಾ?"

ಹವಾಮಾನ ಇಲಾಖೆಯನ್ನು ಬೈಯುವುದು ಸುಲಭ. ಆದರೆ ಅದರ ಲೆಕ್ಕದಲ್ಲಿ 'ಒಂದೆರಡು ಕಡೆ'ಗೆ ಅಳತೆಯಿದೆ: ಆ ಭಾಗದ ಮಳೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಪಾಲು. ಉಳಿದ ಮುಕ್ಕಾಲು ಪಾಲು ಊರುಗಳಿಗೆ ಮೋಡ ಕಂಡೀತು, ಗುಡುಗು ಕೇಳೀತು, ಧೂಳು ಕಣ್ಣಿಗೆ ಹೊಕ್ಕೀತು. ಹನಿ ಬೀಳಲಿಕ್ಕಿಲ್ಲ. ಮುನ್ಸೂಚನೆ ಸುಳ್ಳು ಹೇಳಿಲ್ಲ, ಊರಿನ ಹೆಸರು ಹೇಳಿಲ್ಲ ಅಷ್ಟೆ.

ಏಪ್ರಿಲ್ ಕೊನೆಯ ವಾರ. ಅಶ್ವಿನಿ ಮುಗಿದು ಭರಣಿ ಕೂಡುವ ಹೊತ್ತು. ಎರೆ ಹೊಲಗಳು ಅಂಗೈ ಇಳಿಯುವಷ್ಟು ಅಗಲ ಬಾಯಿ ಬಿಟ್ಟಿವೆ. ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಹೊತ್ತ ಗಾಳಿ ಒಳನಾಡಿಗೆ ನುಸುಳುತ್ತದೆ. ವಾಯವ್ಯದಿಂದ ಕಾದ ಒಣ ಗಾಳಿ ಇಳಿದು ಬರುತ್ತದೆ. ಇವೆರಡೂ ಎದುರಾಗುವ ಗೆರೆ ಎಷ್ಟೋ ದಿನ ವಿದರ್ಭದಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನವರೆಗೂ ಚಾಚಿಕೊಂಡಿರುತ್ತದೆ. ಆ ಗೆರೆಯ ಆಸುಪಾಸಿನಲ್ಲಿ, ಕಾದ ನೆಲದ ಮೇಲೆ, ಮಧ್ಯಾಹ್ನದ ನಂತರ ಏನಾದರೂ ಆದೀತು.

ಎರಡು ಗಂಟೆಗೆ ಮೂಡಣದಲ್ಲಿ ಬಿಳಿ ಮೋಡವೊಂದು ತಲೆ ಎತ್ತುತ್ತದೆ. ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಉಕ್ಕುವಂತೆ ಅದು ಒಳಗಿನಿಂದಲೇ ಉಕ್ಕಿ ಮೇಲೇರುತ್ತದೆ. ಇಂಥ ಮೋಡದ ನೆತ್ತಿ 12ರಿಂದ 15 ಕಿ.ಮೀ. ಎತ್ತರ ಮುಟ್ಟುವುದುಂಟು. ಮೂರೂವರೆಗೆ ಅದರ ಬುಡ ಕಪ್ಪಾಗಿದೆ, ನೆತ್ತಿ ಚಪ್ಪಟೆಯಾಗಿ ಹರಡಿದೆ. ಮಲೆನಾಡಿನವರಿಗೆ ಗುಡ್ಡ, ಕಾಡು ಅಡ್ಡ. ಮಳೆ ಬಂತೆಂದು ತಿಳಿಯುವುದು ತಲೆ ತೋಯ್ದ ಮೇಲೆ. ಇಲ್ಲಿ ಇಡೀ ಮಳೆಯನ್ನು ಬುಡದಿಂದ ತುದಿಯವರೆಗೆ ನಿಂತಲ್ಲೇ ನೋಡಬಹುದು. ಯಾವ ಊರಿನ ಮೇಲೆ ಇಳಿಯುತ್ತಿದೆ ಎಂದು ಬೆರಳು ಮಾಡಿ ತೋರಿಸಲೂಬಹುದು. ಬಯಲುಸೀಮೆಯವನಿಗೆ ನೋಡಲು ಸಿಕ್ಕಷ್ಟು ಮಳೆ ನೆನೆಯಲು ಸಿಕ್ಕುವುದಿಲ್ಲ.

ಕೆಲವೊಮ್ಮೆ ಆ ಬೂದು ಪರದೆ ನೆಲ ಮುಟ್ಟುವುದೇ ಇಲ್ಲ. ಒಣ ಹವೆಯಲ್ಲಿ ಮೋಡದ ಬುಡ ಬಹಳ ಮೇಲಿರುತ್ತದೆ, ಹನಿಗಳು ದಾರಿಯಲ್ಲೇ ಆರಿಹೋಗುತ್ತವೆ. ಹನಿ ಆರಿದಲ್ಲಿ ಗಾಳಿ ತಣಿದು ಭಾರವಾಗಿ ಧೊಪ್ಪನೆ ಕೆಳಗೆ ಬೀಳುತ್ತದೆ. ನೆಲಕ್ಕೆ ಬಡಿದು ನಾಲ್ಕು ದಿಕ್ಕಿಗೂ ನುಗ್ಗುತ್ತದೆ. ಮಳೆ ತಪ್ಪಿದ ಊರಿಗೂ ಗಾಳಿ ತಪ್ಪದಿರುವುದು ಇದಕ್ಕೇ.

ಗಾಳಿಯ ಮೊದಲ ಏಟಿಗೇ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಗದ್ದಲ. ಈ ಸೀಮೆಯ ತುಂಬ ಇಂಥ ಶೆಡ್ಡುಗಳು: ಮೇಲೆ ತಗಡು, ಬದಿಗಳು ಬಯಲು, ಒಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆ, ಬಲೆಯ ಮೇಲೆ ಹರಡಿದ ದ್ರಾಕ್ಷಿ. ಗಾಳಿಯಾಡಿದರೆ ಮಾತ್ರ ಹಣ್ಣು ಒಣಗುತ್ತದೆ, ಅದಕ್ಕೆಂದೇ ಬದಿ ತೆರೆದಿಟ್ಟಿರುವುದು. ಇರಿಚಲು ನುಗ್ಗುವುದೂ ಅಲ್ಲಿಂದಲೇ. ತೇವ ತಗುಲಿದ ಕಾಳು ಕಪ್ಪಾಗುತ್ತದೆ. ಹಸಿರು, ಹಳದಿ ಹೊಳಪಿಗೆ ಸಿಗುವ ದರ ಕಪ್ಪಿಗೆ ಸಿಗದು. ಮಾಲೀಕ, ಅವನ ಹೆಂಡತಿ, ಕೂಲಿಗೆ ಬಂದವರು ಎಲ್ಲರೂ ತಾಡಪತ್ರಿ ಹಿಡಿದು ಓಡುತ್ತಾರೆ. ಹಗ್ಗ ಬಿಗಿಯುವಷ್ಟರಲ್ಲಿ ತಾಡಪತ್ರಿ ಹಾಯಿಯಂತೆ ಉಬ್ಬಿ ಕೈ ಜಗ್ಗುತ್ತದೆ.

ಬದುವಿನಾಚೆಯ ಹೊಲದವನು ಅದೇ ಮೋಡಕ್ಕೆ ಕೈ ಮುಗಿದು ನಿಂತಿದ್ದಾನೆ. ಅವನಿಗೆ ನೆಲ ಮಿದುವಾಗಬೇಕು, ಹರಗಬೇಕು, ರೋಹಿಣಿ ಕೂಡುವುದರೊಳಗೆ ಹೊಲ ಅಣಿಯಾಗಬೇಕು. ಒಂದೇ ಮೋಡದ ಮುಂದೆ ಎರಡು ಹರಕೆ. ಯಾರದು ಸಂದರೂ ಇನ್ನೊಬ್ಬನ ಮನೆಯಲ್ಲಿ ಆ ರಾತ್ರಿ ಊಟ ಸೇರುವುದಿಲ್ಲ.

ಮಿಂಚಿತು. ಎಣಿಸತೊಡಗಿ: ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿ.ಮೀ. ಹತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಮೂರು ಕಿ.ಮೀ. ಆಚೆಗಷ್ಟೇ ಇದೆ, ಮುಂದಿನದು ಇಲ್ಲಿಗೇ ಬರಬಹುದು. ಈ ಸಪಾಟು ನೆಲದಲ್ಲಿ ನಿಂತ ಮನುಷ್ಯನೇ ಎತ್ತರ, ಅವನಿಗಿಂತ ಎತ್ತರದ್ದೆಂದರೆ ಒಂಟಿ ಬೇವಿನ ಮರ. ಕುರಿ ಕಾಯುವವರು ಓಡುವುದು ಆ ಮರದ ಕಡೆಗೇ. ಸಿಡಿಲಿನ ಎಚ್ಚರಿಕೆ ಕೊಡಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇದೆ, ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಇದೆ. ಕಂಬಳಿ ಕೊಪ್ಪೆ ಹಾಕಿ ಮರದಡಿ ನಿಂತ ಮುದುಕನ ಕಿಸೆಯಲ್ಲಿರುವುದು ಬಟನ್ ಫೋನು.

ಮಳೆ ಬಂದದ್ದು ಅರ್ಧ ತಾಸು. ಮೊದಲು ದೊಡ್ಡ ಹನಿ, ನಡುವೆ ಒಂದಿಷ್ಟು ಆಲಿಕಲ್ಲು, ಆಮೇಲೆ ಒಂದೇ ಸಮನೆ ಸುರಿತ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆಯೆಂದರೆ ಸುಮಾರು 4,000 ಲೀಟರ್ ನೀರು, 25 ಮಿ.ಮೀ. ಬಿದ್ದರೆ ಲಕ್ಷ ಲೀಟರ್. ಎರೆಯ ಬಿರುಕುಗಳು ಅಷ್ಟನ್ನೂ ಗಟಗಟ ಕುಡಿಯುತ್ತವೆ. ಇನ್ನೆರಡು ದಿನ ಆ ಹೊಲದಲ್ಲಿ ಕಾಲಿಡುವಂತಿಲ್ಲ. ಚಪ್ಪಲಿಗೆ ಮೆತ್ತಿದ ಮಣ್ಣೇ ಅರ್ಧ ಸೇರು ತೂಗುತ್ತದೆ.

ಮರುದಿನ 8.30ಕ್ಕೆ ಹಿಂದಿನ 24 ತಾಸಿನ ಮಳೆಯ ಲೆಕ್ಕ ಮುಗಿಯುತ್ತದೆ. ಗ್ರಾಮ ಪಂಚಾಯಿತಿಗಳ ಸ್ವಯಂಚಾಲಿತ ಮಾಪಕಗಳು ತಮ್ಮ ಅಂಕಿಗಳನ್ನು ಬೆಂಗಳೂರಿಗೆ ಕಳಿಸಿರುತ್ತವೆ. ಅದಕ್ಕೂ ಮೊದಲೇ ಊರಿಂದೂರಿಗೆ ಫೋನು ಹಾರಾಡಿ, ಯಾವ ಬದುವಿನವರೆಗೆ ಬಂತು, ಎಲ್ಲಿಂದಾಚೆ ಒಣ ಎನ್ನುವ ನಕಾಶೆ ಸಿದ್ಧವಾಗಿರುತ್ತದೆ. ದ್ರಾಕ್ಷಿಯವನೂ ಮೂರು ಕಿ.ಮೀ. ಆಚೆಯ ಬೀಗರಿಗೆ ಫೋನು ಹಚ್ಚುತ್ತಾನೆ.

"ನಿಮ್ಮ ಕಡೆ ಮಳಿ ಆತೇನ್ರೀ?"

"ಎಲ್ಲೀದ್ರೀ, ಬರೀ ಗಾಳಿ. ನಿಮ್ಮ ಶೆಡ್ಡಿನ ಎರಡು ತಗಡು ಬಂದು ನಮ್ಮ ಹೊಲದಾಗ ಬಿದ್ದಾವ. ಗಾಡಿ ತಗೊಂಡ ಬರ್ರಿ, ಚಹಾ ಕುಡದು ಒಯ್ಯಿರಂತ."