ಗಿಟಾರ್ ಕೂಡ ಫಜ್ ಪೆಡಲ್‌ನ ಒಂದು ಬಿಡಿಭಾಗ

‘ಫಜ್ ಪೆಡಲ್ ಕೊಂಡೆ. ಅಂಗಡಿಯಲ್ಲಿ ಗಿಟಾರಿಗೆ ನೇರವಾಗಿ ಸಿಕ್ಕಿಸಿ ನುಡಿಸಿದಾಗ ನಾದ ದಪ್ಪಗೆ, ತುಂಬಿಕೊಂಡಂತೆ ಇತ್ತು. ಮನೆಯಲ್ಲಿ ಗಿಟಾರ್, ಟ್ಯೂನರ್, ಆಮೇಲೆ ಫಜ್ ಎಂದು ಜೋಡಿಸಿದರೆ ತಗಡು ಕೆರೆದ ಹಾಗೆ ಕಿರುಚುತ್ತದೆ. ವಾಲ್ಯೂಮ್ ಇಳಿಸಿದರೂ ಒರಟುತನ ಹೋಗುವುದಿಲ್ಲ. ಪೆಡಲ್ ಕೆಟ್ಟಿದೆಯೇ?’ ಇದು ಓದುಗರೊಬ್ಬರ ಪ್ರಶ್ನೆ.

ಕೆಟ್ಟಿಲ್ಲ. ಫಜ್ ಅನ್ನು ಮೊದಲಿಗಿಟ್ಟು ಟ್ಯೂನರನ್ನು ಅದರ ಆಚೆಗೆ ಸರಿಸಿದರೆ ಅಂಗಡಿಯಲ್ಲಿ ಕೇಳಿದ ನಾದವೇ ಮರಳುತ್ತದೆ. ಯಾಕೆ ಎಂಬುದು ಮಾತ್ರ ಒಂದು ಸೊಗಸಾದ ಕಥೆ.

ಫಜ್ ಹುಟ್ಟಿದ್ದೇ ಕೆಟ್ಟುಹೋದ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆದಿತ್ತು. ಮಿಕ್ಸಿಂಗ್ ಕನ್ಸೋಲಿನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಕೈಕೊಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರಿನ ನಾದ ಒಡೆದು ಗೊರಗೊರ ಎಂದಿತು. ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಹಾಡು ಗೆದ್ದಿತು. ಎಲ್ಲರಿಗೂ ಆ ನಾದ ಬೇಕಾಯಿತು. ಎಂಜಿನಿಯರ್ ಗ್ಲೆನ್ ಸ್ನಾಡಿ, ಆ ದೋಷವನ್ನು ಬೇಕೆಂದಾಗ ಬರಿಸುವ ಟ್ರಾನ್ಸಿಸ್ಟರ್ ಮಂಡಲವೊಂದನ್ನು ರೂಪಿಸಿ ಗಿಬ್ಸನ್ ಕಂಪನಿಗೆ ಕೊಟ್ಟರು. ಅದೇ 1962ರ ಮೇಸ್ಟ್ರೋ ಫಜ್-ಟೋನ್. 1965ರಲ್ಲಿ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಮೆಟ್ಟಿದ ಮೇಲೆ ಫಜ್ ಮನೆಮಾತಾಯಿತು.

ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು ಮರುವರ್ಷ, 1966ರಲ್ಲಿ, ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ದುಂಡನೆಯ ಪೆಡಲ್ ‘ಫಜ್ ಫೇಸ್’. ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಇದ್ದದ್ದು ಅದೇ. ಒಳಗೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸಲು ಎರಡು ನಾಬ್. ಒಟ್ಟು ಹನ್ನೊಂದು ಭಾಗ. ಹನ್ನೆರಡನೆಯದು ನಿಮ್ಮ ಗಿಟಾರಿನಲ್ಲಿದೆ.

ಅದು ಪಿಕಪ್. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸುಮಾರು 8,000 ಸುತ್ತು. ಇದನ್ನು ಮಹಡಿ ಮೇಲಿನ ಟ್ಯಾಂಕ್ ಮತ್ತು ಅದರಿಂದ ಇಳಿದ ಉದ್ದನೆಯ ಸಪೂರ ಪೈಪ್ ಎಂದುಕೊಳ್ಳಿ. ನಲ್ಲಿ ಮುಚ್ಚಿದ್ದಾಗ ಪೈಪ್ ಅರ್ಧ ಇಂಚಿನದೋ ಎರಡು ಇಂಚಿನದೋ, ತುದಿಯಲ್ಲಿ ಒತ್ತಡ ಒಂದೇ. ನಲ್ಲಿ ಪೂರ್ತಿ ತಿರುಗಿಸಿದರೆ ಬರುವ ನೀರೆಷ್ಟು ಎಂದು ತೀರ್ಮಾನಿಸುವುದು ಪೈಪಿನ ಅಗಲ. ಗಿಟಾರ್ ಆ್ಯಂಪ್ ಮುಚ್ಚಿದ ನಲ್ಲಿಯ ಹಾಗೆ: ಅದರ ಒಳದಾರಿಯ ತಡೆ (ಇಂಪೀಡೆನ್ಸ್) ಸಾಮಾನ್ಯವಾಗಿ 10 ಲಕ್ಷ ಓಮ್, ಹೀಗಾಗಿ ಒತ್ತಡವನ್ನಷ್ಟೇ ಗಮನಿಸುತ್ತದೆ. ಫಜ್ ಫೇಸ್ ಪೂರ್ತಿ ಬಿಟ್ಟ ನಲ್ಲಿ. ಅದರ ಇಂಪೀಡೆನ್ಸ್ ಕೆಲವೇ ಸಾವಿರ ಓಮ್. ಅದಕ್ಕೆ ಬೇಕಾದ್ದು ವೋಲ್ಟೇಜ್‌ಗಿಂತ ಹೆಚ್ಚಾಗಿ ಹರಿದುಬರುವ ಕರೆಂಟ್.

ಇನ್ನೊಂದು ವಿಷಯ. ಉದ್ದದ ಪೈಪಿನಲ್ಲಿ ತುಂಬಿದ ನೀರಿಗೆ ತೂಕವಿದೆ. ನಿಧಾನವಾಗಿ ನೂಕಿದರೆ ಅದು ಸರಿಯುತ್ತದೆ, ಸರಸರನೆ ಹಿಂದೆಮುಂದೆ ಅಲುಗಿಸಹೋದರೆ ಕದಲುವುದಿಲ್ಲ. ತಂತಿಸುರುಳಿಯಲ್ಲಿ ಈ ಜಡತ್ವಕ್ಕೆ ಇಂಡಕ್ಟೆನ್ಸ್ ಎನ್ನುತ್ತಾರೆ. ಸ್ಟ್ರಾಟೊಕಾಸ್ಟರ್ ಗಿಟಾರಿನ ಪಿಕಪ್‌ನಲ್ಲಿ ಅದು 2 ಹೆನ್ರಿಗಿಂತ ತುಸು ಹೆಚ್ಚು. ತಂತಿಯದೇ ರೋಧ ಸುಮಾರು 6,000 ಓಮ್. ಅದರ ಜೊತೆಗೆ ಈ ಜಡತ್ವ ಒಡ್ಡುವ ತಡೆ 100 ಹರ್ಟ್ಜ್‌ನಲ್ಲಿ 1,500 ಓಮ್ ಮುಟ್ಟುವುದಿಲ್ಲ. 5,000 ಹರ್ಟ್ಜ್‌ನಲ್ಲಿ 70,000 ಓಮ್ ದಾಟುತ್ತದೆ. ಅಂದರೆ ಚೂಪಾದ ಮೇಲಿನ ಕಂಪನಗಳು ಫಜ್ ತಲುಪುವ ಮೊದಲೇ ಮೆತ್ತಗಾಗಿರುತ್ತವೆ. ಅಂಗಡಿಯಲ್ಲಿ ಕೇಳಿದ ದಪ್ಪ ನಾದದ ಗುಟ್ಟು ಇದು.

ಅನೇಕ ಟ್ಯೂನರ್‌ಗಳೊಳಗೆ ಇರುವ ಬಫರ್ ಎಂಬ ಮಂಡಲ ಮಾಡುವುದೇನು? ಪೈಪಿನ ತುದಿಯ ಒತ್ತಡವನ್ನು ಅಳೆದು, ಅಷ್ಟೇ ಒತ್ತಡದಲ್ಲಿ ನಾಲ್ಕಿಂಚಿನ ಪೈಪಿನಿಂದ ನೀರು ನೂಕುವ ಮೋಟರ್ ಅದು. ಬಹಳಷ್ಟು ಟ್ಯೂನರ್‌ಗಳಲ್ಲಿ, ಆಫ್ ಮಾಡಿದರೂ, ಬಫರ್ ಕೆಲಸ ಮಾಡುತ್ತಲೇ ಇರುತ್ತದೆ. ಫಜ್‌ಗೆ ಈಗ ಸಪೂರ ಪೈಪೂ ಇಲ್ಲ, ನೀರಿನ ಜಡತ್ವವೂ ಇಲ್ಲ. ಎಲ್ಲ ಕಂಪನಗಳೂ ಧುಮ್ಮಿಕ್ಕುತ್ತವೆ. ಅದೇ ಆ ಕಿರುಚಾಟ.

ಗಿಟಾರಿನ ವಾಲ್ಯೂಮ್ ನಾಬ್‌ನ ಕೆಲಸ ಇನ್ನೂ ಚೆಂದ. 2,50,000 ಓಮ್‌ನ ಆ ನಾಬ್‌ನಲ್ಲಿ 50,000 ಓಮ್‌ನಷ್ಟು ಇಳಿಸಿದರೆ ವೋಲ್ಟೇಜ್ ತಗ್ಗುವುದು ಐದರಲ್ಲೊಂದು ಪಾಲು ಮಾತ್ರ. ಆದರೆ ದಾರಿಯ ತಡೆ ಆರು ಸಾವಿರದಿಂದ ನಲವತ್ತು ಸಾವಿರ ಓಮ್ ದಾಟುತ್ತದೆ. ಕೆಳಸ್ವರಗಳ ಕರೆಂಟ್ ಹಲವು ಪಟ್ಟು ಕುಸಿದು ಫಜ್ ಸುಮ್ಮನಾಗುತ್ತದೆ. ಮೇಲಿನ ಕಂಪನಗಳಿಗೆ ಆಗಲೇ ದೊಡ್ಡ ತಡೆ ಇದ್ದುದರಿಂದ ಅವು ಅಷ್ಟು ತಗ್ಗುವುದಿಲ್ಲ. ಹಾಗಾಗಿ ತಿಳಿಯಾದ ನಾದಕ್ಕೆ ಗಾಜಿನಂಥ ಹೊಳಪು. ಪೆಡಲ್ ಆರಿಸದೆ, ಬರೀ ಬೆರಳ ತುದಿಯಿಂದ ಗುಡುಗನ್ನು ಗೆಜ್ಜೆಯಾಗಿಸಬಹುದು. ನಡುವೆ ಬಫರ್ ಬಂದರೆ ಉಳಿಯುವುದು ಆ ಐದರಲ್ಲೊಂದು ಪಾಲಿನ ಇಳಿಕೆ ಮಾತ್ರ.

ಹಾಗೆಂದು ಬಫರ್ ಖಳನಾಯಕನಲ್ಲ. ಪ್ರತಿ ಮೀಟರ್ ಕೇಬಲ್ಲಿಗೂ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಹತ್ತಾರು ಮೀಟರ್ ಕೇಬಲ್ ಎಳೆದಾಗ ನಾದ ಮಂಕಾಗದಂತೆ ಕಾಯುವುದು ಬಫರೇ. ಅದರ ಜಾಗ ಫಜ್‌ನ ಆಚೆಗೆ, ಅಷ್ಟೆ. ಬಿಗ್ ಮಫ್‌ನಂಥ ಪೆಡಲ್‌ಗಳಿಗೆ ಈ ಕಾಟ ಕಡಿಮೆ, ಏಕೆಂದರೆ ಅವುಗಳ ಬಾಗಿಲಲ್ಲೇ ದೊಡ್ಡ ರೆಸಿಸ್ಟರ್ ಕೂತಿದೆ.

ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಲ್ಲೇ ಮಾಯೆ ಇದೆ ಎಂದು ದುಬಾರಿ ಬೆಲೆ ಹೇಳುವವರಿದ್ದಾರೆ. ಸಿಲಿಕಾನ್‌ಗೂ ಜರ್ಮೇನಿಯಂಗೂ ವ್ಯತ್ಯಾಸವಿರುವುದು ನಿಜ. ಆದರೆ ಹಣ ತೆರುವ ಮೊದಲು ಕೇಬಲ್ ಜೋಡಣೆಯ ಕ್ರಮ ಬದಲಿಸಿ ನೋಡಿ, ಅದಕ್ಕೆ ಕಾಸು ಖರ್ಚಿಲ್ಲ. ವೈರ್‌ಲೆಸ್ ಬಳಸುವವರಿಗೂ ಒಳಗೇ ಪ್ರಿಆ್ಯಂಪ್ ಇರುವ ಆ್ಯಕ್ಟಿವ್ ಪಿಕಪ್‌ನವರಿಗೂ ಬಫರ್ ತಪ್ಪಿದ್ದಲ್ಲ. ಅಂಥವರಿಗಾಗಿ ಕೆಲವರು ಫಜ್‌ನ ಮುಂದೆ ಪುಟ್ಟ ಟ್ರಾನ್ಸ್‌ಫಾರ್ಮರಿನ ಸುರುಳಿಯೊಂದನ್ನು ಸೇರಿಸುತ್ತಾರೆ. ಬಫರ್ ಮರೆಮಾಡಿದ ಆ ಎರಡು ಹೆನ್ರಿ ಜಡತ್ವವನ್ನು ಹಿಂದಿರುಗಿಸುವುದಷ್ಟೇ ಅದರ ಕೆಲಸ. ನಿಮ್ಮ ಗಿಟಾರಿನಲ್ಲಿ ಆ ಸುರುಳಿ ಆಗಲೇ ಇದೆ, ಟ್ಯೂನರನ್ನು ದಾರಿಯಿಂದ ಸರಿಸಿದರಾಯಿತು.